ಪಾಸ್ಕಲನ ಬಲಗೈ ಗುಣವಾದ ಕಥೆ

ಇಡೀ ದೇಶ ಕ್ರಿಕೆಟಿನ ವಿಶ್ವಕಪ್ ಗೆದ್ದ ಸಂಭ್ರಮದಲ್ಲಿ ಮೈಮರೆತಿದ್ದ ಎಂಬತ್ತಮೂರನೇ ಇಸವಿಯಲ್ಲಿ ಶಿರ್ವದವರು ಮಾತ್ರ ಬೇಸ್‌ಬಾಲ್ ಆಡುತ್ತಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬೇಡ, ಒತ್ತಾಯವಿಲ್ಲ. ಎಷ್ಟು ಬೆರಳು, ಎಷ್ಟು ಮೊಣಕಾಲು, ಎಷ್ಟು ಹೆಗಲು ಆ ವರ್ಷ ಕೆಟ್ಟುಹೋದವು ಎನ್ನುವುದಕ್ಕೆ ಅಜೆಕಾರಿನ ಎಲುಬಿನ ವೈದ್ಯ ಚೆನ್ನಪ್ಪನವರೇ ಸಾಕ್ಷಿ. ಈ ಅನಾಹುತಕ್ಕೆಲ್ಲ ಮೂಲ ಒಂದು ಫೋಟೋ. ಅದೂ ತನ್ನ ಪಾಡಿಗೆ ತಾನು ಗೋಡೆಯ ಮೇಲೆ ಗಾಜಿನ ಹಿಂದೆ ತೂಗಿಕೊಂಡಿದ್ದ ಫೋಟೋ.

ಪಾಸ್ಕಲ್ ಕಸ್ತೆಲಿನೊ ಏಳು ವರ್ಷ ಸೌದಿಯ ದಮ್ಮಾಮಿನಲ್ಲಿದ್ದು ಆ ಏಪ್ರಿಲಿನಲ್ಲಿ ಊರಿಗೆ ಮರಳಿದ್ದ. ಅಲ್ಲಿ ಅವನಿದ್ದದ್ದು ಅಮೆರಿಕನ್ನರ ಒಂದು ಕಂಪೆನಿಯ ಕ್ಯಾಂಪಿನಲ್ಲಿ. ಶುಕ್ರವಾರಗಳಂದು ಆ ಅಮೆರಿಕನ್ನರು ಮರಳಿನ ಮೈದಾನದಲ್ಲಿ ಬೇಸ್‌ಬಾಲ್ ಆಡುವಾಗ ಪಾಸ್ಕಲ್ ಮಂಜುಗಡ್ಡೆಯ ಡಬ್ಬ ಇಟ್ಟುಕೊಂಡು ಬದಿಯಲ್ಲಿ ಕೂರುತ್ತಿದ್ದ. ಯಾರಿಗಾದರೂ ಪೆಟ್ಟಾದರೆ ಓಡಿಹೋಗಿ ಮಂಜುಗಡ್ಡೆ ಹಿಡಿದು, ಪಟ್ಟಿ ಸುತ್ತಿ ಬರುವುದು ಅವನ ಕೆಲಸ. ಕ್ಯಾಂಪು ಮುಚ್ಚುವ ದಿನ ಅವರು ಹನ್ನೊಂದು ಗ್ಲೌಸು, ಎರಡು ಬ್ಯಾಟು, ಒಂದು ಡಜನ್ ಚೆಂಡನ್ನು ಅವನಿಗೇ ಕೊಟ್ಟುಬಿಟ್ಟರು. ಅಷ್ಟು ಸಾಲದೆಂದು ತಲೆಗೆ ತಮ್ಮ ಟೋಪಿ ತೊಡಿಸಿ, ತಂಡದ ನಟ್ಟನಡುವೆ ನಿಲ್ಲಿಸಿ ಫೋಟೋ ತೆಗೆದರು. ಫೋಟೋದಲ್ಲಿ ಪಾಸ್ಕಲ್ ಎರಡು ಕೈಯಲ್ಲೂ ಡಬ್ಬ ಹಿಡಿದು ಬಾಯಿ ತುಂಬ ನಗುತ್ತಿದ್ದ. ಉಡುಪಿಯ ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದಾಗ ಎಲ್ಲರ ಸೊಂಟದಿಂದ ಕೆಳಗಿನದು ಕತ್ತರಿಸಿಹೋಯಿತು. ಬೂಟುಗಳ ಜೊತೆ ಡಬ್ಬವೂ ಹೋಯಿತು. ಉಳಿದದ್ದು ಅಮೆರಿಕನ್ನರ ಮಧ್ಯೆ ಎದೆಯುಬ್ಬಿಸಿ ನಿಂತ ಆಟಗಾರ ಪಾಸ್ಕಲ್.

ಫೋಟೋ ಗೋಡೆಗೇರಿದ ದಿನವೇ ಪಕ್ಕದ ಮನೆಯ ಬರ್ತಾ ಬಾಯಿ ಕನ್ನಡಕ ಹಾಕಿಕೊಂಡು ಬಂದರು. ಬರ್ತಾ ಬಾಯಿಗೆ ಒಂದು ವಿಷಯ ಗೊತ್ತಾದರೆ ಇಗರ್ಜಿಯ ಗಂಟೆ ಬಾರಿಸುವ ಅಗತ್ಯವಿರಲಿಲ್ಲ. ಅವರು ಫೋಟೋದ ಎದುರು ಬಹಳ ಹೊತ್ತು ನಿಂತು, ಈ ತಂಡದಲ್ಲಿ ನಿನಗೆ ಎಂತ ಕೆಲಸ ಪಾಸ್ಕು ಎಂದು ಕೇಳಿದರು. ಪಾಸ್ಕಲ್ ಹೆಂಡತಿ ರೋಸಲಿನ್‌ಳ ಮುಖ ನೋಡಿದ. ಅವಳು ಚಹಾ ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. ಶಿರ್ವದಲ್ಲಿ ಗಲ್ಫಿನಿಂದ ಬಂದವರದ್ದೆಲ್ಲ ಎರಡು ಮಾಳಿಗೆಯ ಮನೆ. ಪಾಸ್ಕಲನದ್ದು ಮಾತ್ರ ಹಳೇ ಹೆಂಚಿನದು. ಏಳು ವರ್ಷ ದುಡಿದವನಿಗೆ ಒಂದು ದೊಡ್ಡ ಮಾತಾದರೂ ಬೇಡವೇ? "ಚೆಂಡು ಎಸೆಯುವುದು" ಎಂದುಬಿಟ್ಟ. ಆ ಆಟದಲ್ಲಿ ಎಸೆಯುವವನೇ ರಾಜ. ಸಂಜೆಯೊಳಗೆ ರಾಜನ ಸುದ್ದಿ ಪಡುಬಿದ್ರಿಯವರೆಗೆ ಹೋಯಿತು.

ಮರುದಿನ ಬೆಳಿಗ್ಗೆ ಶಾಲೆಯ ಡ್ರಿಲ್ ಮಾಸ್ತರು ಸುಂದರ ಮಾಸ್ಟ್ರು ಸೈಕಲ್ಲಿನಲ್ಲಿ ಬಂದಿಳಿದರು. ಸುಂದರ ಮಾಸ್ಟ್ರಿಗೆ ಹೊಸ ಆಟವೆಂದರೆ ಹಸಿದವನಿಗೆ ಊಟ ಕಂಡ ಹಾಗೆ. ತಾನು ಕ್ಯಾಪ್ಟನ್, ಪಾಸ್ಕಲ್ ಕೋಚ್ ಎಂದು ಅವರೇ ತೀರ್ಮಾನ ಮಾಡಿ, ಒಂದು ವಾರದಲ್ಲಿ ಇನ್ನೂ ಎಂಟು ಜನರನ್ನು ಹೊಂದಿಸಿ ತಂಡಕ್ಕೆ ಬೇಕಾದ ಒಂಬತ್ತು ತುಂಬಿಸಿದರು. ಕಾಪುವಿನ ವಿಠಲನಿಗೆ ಬಲೆ ಬೀಸಿ ಬೀಸಿ ತೋಳು ಗಟ್ಟಿಯಿತ್ತು, ಅವನು ಎಸೆಯುವವನಾದ. ಬೇಕರಿಯ ಜಾರ್ಜ್ ಬಿಸಿ ತಟ್ಟೆ ಹಿಡಿದು ರೂಢಿಯಿದ್ದವನು, ಅವನು ಹಿಂದೆ ಕೂತು ಹಿಡಿಯುವವನಾದ. ಹನ್ನೊಂದು ಗ್ಲೌಸಿನಲ್ಲಿ ಒಂದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ತಿಂಗಳಾದ ಮೇಲೆ ಅದು ಬರ್ತಾ ಬಾಯಿಯ ಅಡುಗೆಮನೆಯಲ್ಲಿ ಪತ್ತೆಯಾಯಿತು. ಅವರು ಅದರಲ್ಲಿ ಗಂಜಿಯ ಪಾತ್ರೆ ಇಳಿಸುತ್ತಿದ್ದರು, ಬಹಳ ಒಳ್ಳೇದುಂಟು ಎಂದು ಹೊಗಳಿದರು ಕೂಡ.

ಪಾಸ್ಕಲ್ ಆಟವನ್ನು ಚೆನ್ನಾಗಿಯೇ ಹೇಳಿಕೊಟ್ಟ. ಒಬ್ಬ ಎಸೆಯುವುದು, ಒಬ್ಬ ಹೊಡೆಯುವುದು, ಹೊಡೆದವನು ಮೂರು ಗೋಣಿಚೀಲ ಮುಟ್ಟಿ ಸುತ್ತು ಹಾಕಿ ಹೊರಟಲ್ಲಿಗೇ ಮರಳಿದರೆ ಒಂದು ರನ್ನು. ಅವನಿಗೆ ತುಂಬ ಇಷ್ಟವಾದ ನಿಯಮ ಇನ್ನೊಂದಿತ್ತು. ಎಸೆದ ಚೆಂಡು ಬ್ಯಾಟು ಹಿಡಿದವನ ಮೈಗೆ ಬಡಿದರೆ ಅವನಿಗೆ ಮೊದಲನೇ ಗೋಣಿ ಪುಕ್ಕಟೆ. ಗೋಣಿಗಳಲ್ಲೆಲ್ಲ ಜನ ನಿಂತಿದ್ದರೆ ಎಲ್ಲರೂ ಒಂದೊಂದು ಗೋಣಿ ಮುಂದೆ ಹೋಗಬೇಕು. ದಮ್ಮಾಮಿನಲ್ಲಿ ಹಾಗೆ ಪೆಟ್ಟಾದಾಗಲೆಲ್ಲ ಡಬ್ಬ ಹಿಡಿದು ಓಡುತ್ತಿದ್ದವನು ತಾನೇ ಆದ್ದರಿಂದ ಆ ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಇದಿಷ್ಟು ಸರಿ. ಆದರೆ ನಾಲ್ಕನೇ ದಿನ ವಿಠಲ ಚೆಂಡನ್ನು ತಂದು ಅವನ ಕೈಯಲ್ಲಿಟ್ಟು, ಅಮೆರಿಕನ್ನರ ಹಾಗೆ ಒಂದು ಎಸೆದು ತೋರಿಸಿ ಎಂದ. ಎಂಟು ಜನ, ನೋಡಲು ಬಂದ ಮೂವತ್ತು ಜನ, ಬೇಲಿಯಾಚೆ ಬರ್ತಾ ಬಾಯಿ, ಎಲ್ಲರೂ ಉಸಿರು ಹಿಡಿದು ನಿಂತರು. ಪಾಸ್ಕಲನ ಜನ್ಮದಲ್ಲಿ ಅವನೆಸೆದದ್ದು ಮಾವಿನಕಾಯಿಗೆ ಕಲ್ಲು ಮಾತ್ರ, ಅದೂ ಗುರಿ ತಪ್ಪಿದ್ದೇ ಹೆಚ್ಚು. ಅವನು ಮೆಲ್ಲನೆ ಬಲಹೆಗಲು ಹಿಡಿದುಕೊಂಡು, "ಹಳೇ ಪೆಟ್ಟು" ಎಂದ.

ಅಯ್ಯೋ ಪಾಪದವನೇ, ಆ ಎರಡು ಶಬ್ದ ನುಂಗಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮ ಕಡೆ ಒಬ್ಬನಿಗೆ ನೋವುಂಟು ಎಂದು ಗೊತ್ತಾದರೆ ಅವನನ್ನು ಒಂಟಿಯಾಗಿ ನೋಯಲು ಯಾರೂ ಬಿಡುವುದಿಲ್ಲ. ಸಂಜೆಗೆ ಬರ್ತಾ ಬಾಯಿ ಸ್ವಂತ ಕಾಯಿಸಿದ ಎಣ್ಣೆ ತಂದರು. ಅದರ ವಾಸನೆಗೆ ಮನೆಯ ಬೆಕ್ಕು ಎರಡು ದಿನ ಒಳಗೆ ಬರಲಿಲ್ಲ. ಸುಂದರ ಮಾಸ್ಟ್ರು ಮೂಸಂಬಿ ಕಟ್ಟಿಸಿಕೊಂಡು ಬಂದರು. ಭಾನುವಾರ ಇಗರ್ಜಿಯ ಪೂಜೆಯಲ್ಲಿ ಪಾದ್ರಿ ವಿಗಾರರು ಪಾಸ್ಕಲನ ಬಲಗೈಗಾಗಿ ವಿಶೇಷ ಪ್ರಾರ್ಥನೆ ಇಟ್ಟರು; ಜನರೆಲ್ಲ ಮೊಣಕಾಲೂರಿದಾಗ ಪಾಸ್ಕಲ್ ಅದೇ ಬಲಗೈಯಲ್ಲಿ ಶಿಲುಬೆಯ ಗುರುತು ಹಾಕಲು ಹೋಗಿ, ನೆನಪಾಗಿ, ಎಡಗೈಯಲ್ಲಿ ಹಾಕಿದ. ಬಾವಿಯಿಂದ ನೀರು ಸೇದುವುದು ರೋಸಲಿನ್‌ಳ ಪಾಲಿಗೆ ಬಂತು.

ಕೊನೆಗೆ ಅವಳೊಂದು ಹರಕೆಯನ್ನೂ ಹೊತ್ತಳು. ಕೈ ಗುಣವಾದರೆ ಕಾರ್ಕಳದ ಅತ್ತೂರಿನ ಇಗರ್ಜಿಗೆ ಹೆಗಲಿನಿಂದ ಬೆರಳ ತುದಿಯವರೆಗಿನ ಉದ್ದದ ಮೋಂಬತ್ತಿ ಕೊಡುತ್ತೇನೆ ಎಂದಳಂತೆ. ಅಳೆಯಲು ನೂಲು ತಂದು, ಕೈ ಚಾಚಿ ಎಂದಳು. ಪಾಸ್ಕಲ್ ಎಂತದೋ ಯೋಚನೆಯಲ್ಲಿದ್ದವನು ಕೈಯನ್ನು ನೆಟ್ಟಗೆ, ಕವಾಯತಿನ ಪೊಲೀಸನ ಹಾಗೆ ಚಾಚಿಬಿಟ್ಟ. ಚಾಚಿದ ಮೇಲೆ ಹೆಗಲಿನ ನೋವು ನೆನಪಾಯಿತು. ರೋಸಲಿನ್ ಅಳೆದು, ನೂಲು ಸುತ್ತಿ, ಪ್ರಾರ್ಥನೆಯ ಪುಸ್ತಕದಲ್ಲಿಟ್ಟು ಒಳಗೆ ಹೋದಳು. ಅವಳು ಗಮನಿಸಲಿಲ್ಲ ಎಂದು ಪಾಸ್ಕಲ್ ನೆಮ್ಮದಿಯ ಉಸಿರು ಬಿಟ್ಟ.

ಇತ್ತ ಸುಂದರ ಮಾಸ್ಟ್ರು ಸುಮ್ಮನಿರಲಿಲ್ಲ. ಮಣಿಪಾಲದಲ್ಲಿ ಡಾಕ್ಟರಿಕೆ ಓದುತ್ತಿದ್ದ ಹೊರದೇಶದ ಹುಡುಗರಿದ್ದರಲ್ಲ, ಅವರಿಗೆ ಬೇಸ್‌ಬಾಲ್ ಗೊತ್ತಿತ್ತು. ಡಿಸೆಂಬರಿನ ಎರಡನೇ ಭಾನುವಾರ ಶಿರ್ವದ ಮೈದಾನದಲ್ಲಿ ಪಂದ್ಯವೆಂದು ಮಾಸ್ಟ್ರು ಅವರನ್ನು ಒಪ್ಪಿಸಿಕೊಂಡು ಬಂದರು. ಅಂಪಾಯರು ವಿಗಾರರು, ಆ ಹುಡುಗರೇ ಕೊಟ್ಟ ನಿಯಮದ ಪುಸ್ತಕವನ್ನು ಅವರು ಒಂದು ವಾರ ಕೂತು ಓದಿದರು. ಕಟಪಾಡಿಯಿಂದ ಬೆಳ್ಮಣ್ಣಿನವರೆಗೆ ಎಲ್ಲರಿಗೂ ಹೇಳಿದ್ದಾಯಿತು.

ಪಂದ್ಯಕ್ಕೆ ಹತ್ತು ದಿನ ಇರುವಾಗ ಶನಿ ವಕ್ಕರಿಸಿತು. ಮೊದಲು ಜಾರ್ಜ್ ಹಿಂದಕ್ಕೆಸೆದ ಚೆಂಡು ವಿಠಲನ ಬಲಹೆಬ್ಬೆರಳಿಗೆ ಬಡಿದು ಬೆರಳು ಬದನೆಕಾಯಿಯಾಯಿತು. ಮರುದಿನ ಜಾರ್ಜ್ ಎರಡನೇ ಗೋಣಿಯ ಹತ್ತಿರ ಸೆಗಣಿಯ ಮೇಲೆ ಕಾಲಿಟ್ಟು ಮೊಣಕಾಲು ತಿರುಚಿಕೊಂಡ. ಅದರ ಮರುದಿನ ಮೊದಲನೇ ಗೋಣಿ ಕಾಯುವ ಅಲೆಕ್ಸಾಂಡರ್, ಗೋಣಿಗೆ ಜಾರಿಕೊಂಡು ಬರುವುದು ಹೇಗೆಂದು ಬಸ್ಸಿನ ಕಂಡಕ್ಟರನಿಗೆ ತೋರಿಸಲು ಹೋಗಿ, ಬಸ್ಸಿನಿಂದಲೇ ಜಾರಿ ಪಾದ ಉಳುಕಿಸಿಕೊಂಡ. ಮೂರೂ ಸಲ ಪಾಸ್ಕಲ್ ಓಡಿದ ಓಟ ನೋಡಬೇಕಿತ್ತು. ಕಾಪುವಿನ ಮೀನಿನ ಲಾರಿಯಿಂದ ಮಂಜುಗಡ್ಡೆ ತರಿಸಿ, ಬಟ್ಟೆಯಲ್ಲಿ ಸುತ್ತಿ ಹಿಡಿದು, ಪಟ್ಟಿ ಹಾಕಿದ ಚೊಕ್ಕತನಕ್ಕೆ ಜನ ಬೆರಗಾದರು. ಎಸೆಯುವವನಿಗೇ ಇಷ್ಟು ಗೊತ್ತಿದ್ದರೆ ಅಲ್ಲಿನ ಡಾಕ್ಟರಿಗೆ ಎಷ್ಟು ಗೊತ್ತಿರಬೇಕು ಎಂದು ಬರ್ತಾ ಬಾಯಿ ಉದ್ಗರಿಸಿದರು.

ಮಂಜುಗಡ್ಡೆ ಸಾಲದೆಂದು ಮಾಸ್ಟ್ರು ಅಜೆಕಾರಿನಿಂದ ಚೆನ್ನಪ್ಪ ವೈದ್ಯರನ್ನು ಕರೆಸಿದರು. ಮುರಿದ ಎಲುಬಿಗೆ ಸೊಪ್ಪು, ಮೊಟ್ಟೆ, ಬಿದಿರಿನ ಕಡ್ಡಿ ಇಟ್ಟು ಕಟ್ಟು ಹಾಕುವುದರಲ್ಲಿ ಅವರದು ಎತ್ತಿದ ಕೈ. ಮಾತು ಕಡಿಮೆ, ಮರ್ಯಾದೆ ಹೆಚ್ಚು. ಅಲೆಕ್ಸಾಂಡರನಿಗೆ ಇಪ್ಪತ್ತೊಂದು ದಿನದ ಕಟ್ಟು, ಬಿಸಿಲಿಗೆ ಬರುವಂತಿಲ್ಲ, ಬಂಗುಡೆ ಮೀನು ಮುಟ್ಟುವಂತಿಲ್ಲ ಎಂದರು. ಅವನು ಕಾಲಿಗಿಂತ ಬಂಗುಡೆಗಾಗಿ ಹೆಚ್ಚು ಅತ್ತ. ವಿಠಲ, ಜಾರ್ಜ್ ಸಣ್ಣ ಕಟ್ಟಿನಲ್ಲಿ ಪಾರಾದರು. ಅಷ್ಟರಲ್ಲಿ ಬರ್ತಾ ಬಾಯಿ, ಬಂದದ್ದು ಬಂದಿರಿ, ಈ ಕೈಯನ್ನೂ ನೋಡಿಬಿಡಿ ಎಂದು ಪಾಸ್ಕಲನನ್ನು ಮುಂದಕ್ಕೆ ನೂಕಿದರು. ಚೆನ್ನಪ್ಪನವರು ಹೆಗಲನ್ನು ಅರ್ಧ ಗಂಟೆ ಒತ್ತಿದರು. ಕೇಡೇ ಇಲ್ಲದ ಹೆಗಲಿನಲ್ಲಿ ಕೇಡು ಸಿಗುವುದಾದರೂ ಹೇಗೆ? ನಲವತ್ತು ವರ್ಷದಲ್ಲಿ ಇಂಥ ಗುಪ್ತ ನೋವು ನೋಡಿಲ್ಲ ಎಂದು ತಲೆದೂಗಿ, ಕುತ್ತಿಗೆಯಿಂದ ಮೊಣಕೈಯವರೆಗೆ ಕಟ್ಟು ಬಿಗಿದು ಹೋದರು.

ಪಂದ್ಯದ ಹಿಂದಿನ ದಿನ ಲೆಕ್ಕ ನೋಡಿದರೆ ಅಲೆಕ್ಸಾಂಡರನನ್ನು ಬಿಟ್ಟು ತಂಡದಲ್ಲಿ ಎಂಟೇ ಜನ. ಬೇರೆಯವರ ತಾಯಂದಿರು ಮೂವರಿಗೆ ಆದದ್ದನ್ನು ನೋಡಿ ಮಕ್ಕಳನ್ನು ಹೊಸಿಲು ದಾಟಲು ಬಿಡಲಿಲ್ಲ. ಪಂದ್ಯ ರದ್ದು ಮಾಡೋಣ ಎಂದು ಪಾಸ್ಕಲ್ ಬಹಳ ಉತ್ಸಾಹದಿಂದ ಹೇಳುತ್ತಿರುವಾಗಲೇ ಚೆನ್ನಪ್ಪನವರು ಅಂಗಳಕ್ಕೆ ಕಾಲಿಟ್ಟರು. ಎಲ್ಲರ ಎದುರು ಕಟ್ಟು ಬಿಚ್ಚಿದರು, ಕೈಯನ್ನು ಮೇಲೆ ಕೆಳಗೆ ಮಾಡಿದರು, ಮುಂದೆ ಬಂದು ನಿಂತರು.

"ನನ್ನ ಕೆಲಸ ಮುಗಿಯಿತು," ಎಂದರು. "ಇನ್ನು ಈ ಕೈ ನೋಯ್ತದೆ ಅಂತಾದರೆ ತಪ್ಪು ಕೈಯದ್ದಲ್ಲ, ನನ್ನದು. ಎಲ್ಲರ ಎದುರು ಹೇಳು ಪಾಸ್ಕಲ, ನೋವು ಉಂಟಾ?"

ಪಾಸ್ಕಲ್ ಸುತ್ತ ನೋಡಿದ. ಉಂಟು ಎಂದರೆ ವೈದ್ಯರ ನಲವತ್ತು ವರ್ಷದ ಹೆಸರು ಮಣ್ಣುಪಾಲು, ರೋಸಲಿನ್‌ಳ ಹರಕೆ ಸುಳ್ಳು, ವಿಗಾರರ ಪ್ರಾರ್ಥನೆ ದಂಡ. ಇಲ್ಲ ಎಂದರೆ ನಾಳೆ ಮೈದಾನಕ್ಕೆ ಇಳಿಯಬೇಕು. ಇಳಿದರೆ ದಮ್ಮಾಮಿನ ರಾಜನ ಬಣ್ಣ ಹತ್ತು ನಿಮಿಷದಲ್ಲಿ ಬಯಲು. ಆಮೇಲೆ ಶಿರ್ವದ ಯಾವ ಅಂಗಡಿಯ ಎದುರಿಗೂ ತಲೆ ಎತ್ತಿ ನಡೆಯುವಂತಿಲ್ಲ. ಚೆನ್ನಪ್ಪನವರ ಮುದಿ ಕಣ್ಣು ತನ್ನನ್ನೇ ನೋಡುತ್ತಿದ್ದದ್ದು ಕಂಡಿತು. ಆ ಮನುಷ್ಯ ಎರಡು ಬಸ್ಸು ಬದಲಿಸಿ ಎರಡು ಸಲ ಬಂದಿದ್ದ.

"ಇಲ್ಲ," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂಬತ್ತನೇ ಆಟಗಾರ ಸಿಕ್ಕಿದ.

ಭಾನುವಾರ ಮೈದಾನದ ಸುತ್ತ ಜಾತ್ರೆಯಷ್ಟು ಜನ. ಬಿಳೀ ಬೂಟಿನ ಮಣಿಪಾಲದವರು ಶಿರ್ವದ ತಂಡ ನೋಡಿ ಮೊದಲು ನಕ್ಕರು. ನಗದೆ ಎಂತ ಮಾಡಿಯಾರು? ಮೊಣಕಾಲು ಮಡಚಲಾಗದ ಜಾರ್ಜ್ ಕ್ಷೌರದಂಗಡಿಯ ಸ್ಟೂಲಿನ ಮೇಲೆ ಕೂತು ಚೆಂಡು ಹಿಡಿಯುತ್ತಿದ್ದ. ಅವರು ಆಕ್ಷೇಪ ಎತ್ತಿದಾಗ ವಿಗಾರರು ಪುಸ್ತಕ ಪೂರ್ತಿ ತಿರುವಿ, ಸ್ಟೂಲು ಕೂಡದು ಎಂದು ಎಲ್ಲಿಯೂ ಬರೆದಿಲ್ಲ ಎಂದು ತೀರ್ಪು ಕೊಟ್ಟರು. ಹೆಬ್ಬೆರಳು ಮಡಚಲಾಗದ ಕಾರಣ ವಿಠಲ ಚೆಂಡನ್ನು ಉಳಿದ ಬೆರಳುಗಳಲ್ಲಿ ನೂಕುತ್ತಿದ್ದ. ಆ ಚೆಂಡು ಕುಡಿದವನ ಹಾಗೆ ಅತ್ತಿತ್ತ ಓಲಾಡುತ್ತ ಬಂದು, ಹೊಡೆಯುವವನ ಹತ್ತಿರ ಬಂದೊಡನೆ ಬೇರೆ ಕಡೆ ಹೋಗುತ್ತಿತ್ತು. ಎಷ್ಟೋ ಹುಡುಗರು ಗಾಳಿಗೆ ಬ್ಯಾಟು ಬೀಸಿ ಸುತ್ತಿ ಬಿದ್ದರು. ಕೈ ಸರಿಯಿದ್ದಾಗ ವಿಠಲ ಇಷ್ಟು ಚೆನ್ನಾಗಿ ಎಸೆದದ್ದೇ ಇಲ್ಲ ಎಂದು ಮಾಸ್ಟ್ರು ಹೇಳಿದರು.

ಪಾಸ್ಕಲನನ್ನು ಮಾಸ್ಟ್ರು ಎಸೆಯಲು ಕರೆದದ್ದೇನೋ ಹೌದು. ಗುಣವಾಗಿ ಒಂದೇ ದಿನ ಆದ ಕೈಗೆ ವಿಶ್ರಾಂತಿ ಬೇಕೆಂದು ಅವನು ದೂರದ ಮೂಲೆಯಲ್ಲಿ ಹೋಗಿ ನಿಂತ. ದೇವರು ದೊಡ್ಡವನು, ಚೆಂಡು ಅತ್ತ ಹೋಗಲೇ ಇಲ್ಲ. ಬ್ಯಾಟು ಹಿಡಿದ ಎರಡು ಸಲವೂ ಅವನು ಅಲುಗಾಡದೆ ನಿಂತು, ಮೂರು ಚೆಂಡು ಹಾಗೇ ಬಿಟ್ಟು ಔಟಾಗಿ ಬಂದ. ಎದುರಾಳಿಯನ್ನು ಅಳೆದು ನೋಡುತ್ತಿದ್ದಾನೆ ಎಂದು ಬರ್ತಾ ಬಾಯಿ ಸುತ್ತಲಿನವರಿಗೆ ವಿವರಿಸಿದರು.

ಕೊನೆಯ ಸುತ್ತು ಬಂದಾಗ ಎರಡೂ ಕಡೆ ಆರು ಆರು. ಶಿರ್ವದವರ ಬ್ಯಾಟಿಂಗ್, ಇಬ್ಬರು ಔಟು, ಇನ್ನೊಬ್ಬ ಔಟಾದರೆ ಸರದಿ ಮುಗಿಯಿತು, ಮೂರು ಗೋಣಿಯಲ್ಲೂ ನಮ್ಮವರೇ. ಮೂರನೆಯದರಲ್ಲಿ ವಿಠಲ. ಸರದಿ ಪಾಸ್ಕಲನದು. ಚೆನ್ನಪ್ಪನವರು ಬಾಯಿಗೆ ಹಾಕಿದ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಪಾಸ್ಕಲ್ ಎಷ್ಟು ಹೆದರಿದ್ದನೆಂದರೆ ಎಡಗೈಯವರು ನಿಲ್ಲುವ ಬದಿಗೆ ಹೋಗಿ ನಿಂತ, ಬಲಹೆಗಲು ಚೆಂಡೆಸೆಯುವವನ ಕಡೆಗೆ. ಇದೆಂತದೋ ಅಮೆರಿಕನ್ನರ ಯುಕ್ತಿ ಇರಬೇಕೆಂದು ನಮ್ಮವರು ಸುಮ್ಮನಿದ್ದರು. ಮಣಿಪಾಲದ ಎಸೆಗಾರನಿಗೂ ಹಾಗೆಯೇ ಅನ್ನಿಸಿತೋ ಏನೋ, ಅವನು ಗಲಿಬಿಲಿಯಾಗಿ ಜೀವ ಬಿಟ್ಟು ಎಸೆದ. ಪಾಸ್ಕಲನಿಗೆ ಚೆಂಡು ಬರುತ್ತಿರುವುದು ಕಂಡಿತು. ಓಡಬೇಕೆಂದುಕೊಂಡ, ಕಾಲು ಕೇಳಲಿಲ್ಲ. ಮುಖ ಮಾತ್ರ ತಿರುಗಿಸಿದ. ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಚೆಂಡು ಬಡಿದದ್ದು ಸರಿಯಾಗಿ ಬಲಹೆಗಲಿಗೆ, ಚೆನ್ನಪ್ಪನವರು ಗುಣಪಡಿಸಿದ ಜಾಗಕ್ಕೆ.

ವಿಗಾರರು ಪುಸ್ತಕದಲ್ಲಿ ಬೆರಳಿಟ್ಟು ನೋಡಿ, ಮೊದಲನೇ ಗೋಣಿಯ ಕಡೆ ಕೈ ತೋರಿಸಿದರು. ಪಾಸ್ಕಲ್ ಹಲ್ಲು ಕಚ್ಚಿ ಗೋಣಿಯವರೆಗೆ ನಡೆದ. ಎಲ್ಲರೂ ಒಂದೊಂದು ಗೋಣಿ ಮುಂದೆ ಹೋದರು. ವಿಠಲ ಹೊರಟ ಜಾಗ ಮುಟ್ಟಿದ, ಒಂದು ರನ್ನು. ಶಿರ್ವ ಗೆದ್ದಿತು.

ಮುಂದಿನದನ್ನು ವಿವರಿಸಿದರೆ ಪಾಸ್ಕಲನಿಗೆ ಈಗಲೂ ಬೆವರುತ್ತದೆ. ಜನ ಅವನನ್ನು ಎತ್ತಿಕೊಂಡರು, ಅದೂ ಬಲತೋಳು ಹಿಡಿದು. ಎದುರಾಳಿಯ ಯೋಚನೆ ತಿಳಿದು ಬೇಕೆಂದೇ ಹೆಗಲು ಕೊಟ್ಟ ಜಾಣ ಎಂದು ಮಾಸ್ಟ್ರು ಭಾಷಣ ಮಾಡಿದರು. ಪೆಟ್ಟಾಯಿತಾ ಎಂದು ಒಬ್ಬರೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಅಜೆಕಾರಿನ ಕಟ್ಟು ಬಿದ್ದ ಹೆಗಲು ಅದು. ದೂರದವರಿಗೂ ಕಾಣಲಿ, ಗುಣವಾದ ಕೈ ಎತ್ತು ಎಂದು ಬರ್ತಾ ಬಾಯಿ ಮೂರು ಸಲ ಎತ್ತಿಸಿದರು. ಮಣಿಪಾಲದ ಹುಡುಗರು ಕೂಡ, ನಾಳೆ ಡಾಕ್ಟರಾಗುವವರು, ಬಂದು ಕೈ ಕುಲುಕಿ ಹೋದರು.

ಬಸ್ಸಿಗೆ ಮೊದಲು ಹೇಳಿಹೋಗಲು ಚೆನ್ನಪ್ಪನವರು ಮನೆಗೆ ಬಂದರು. ಕೊನೆಯ ಸಲ ಒಮ್ಮೆ ಕೈ ಕಿವಿಯವರೆಗೆ ಎತ್ತಿ ತೋರಿಸು ಎಂದರು. ಪಾಸ್ಕಲ್ ಎತ್ತಿದ. ಕಣ್ಣಲ್ಲಿ ಧಾರಾಕಾರ ನೀರು ಬಂತು. ಉಪಕಾರ ಸ್ಮರಣೆಯಿಂದ ಹೀಗೆ ಅಳುವವರನ್ನು ಕಂಡು ಎಷ್ಟು ಕಾಲವಾಯಿತು ಎಂದು ಚೆನ್ನಪ್ಪನವರೂ ಹೆಗಲ ಮೇಲಿನ ಬೈರಾಸಿನಲ್ಲಿ ಕಣ್ಣೊರೆಸಿಕೊಂಡು ಹೊರಟರು.

ಅವರು ತಿರುವಿನಲ್ಲಿ ಮರೆಯಾದದ್ದೇ ತಡ, ಪಾಸ್ಕಲ್ ಜಗಲಿಯ ಬೆಂಚಿನ ಮೇಲೆ ಕುಸಿದ. ರೋಸಲಿನ್ ಒಳಗಿನಿಂದ ಬಂದಳು. ವಿಠಲನಿಗೆ ಹೇಳಿ ಮೊದಲೇ ತರಿಸಿಟ್ಟಿದ್ದಳೋ ಏನೋ, ಎರಡು ಕೈಯಲ್ಲಿ ಮಂಜುಗಡ್ಡೆಯ ಡಬ್ಬ ಹಿಡಿದಿದ್ದಳು. ಡಬ್ಬದ ಮೇಲೆ ಒಂದು ಸಣ್ಣ ಫೋಟೋ. ಪಾಸ್ಕಲ್ ಎಡಗೈಯಲ್ಲಿ ಅದನ್ನು ತೆಗೆದು ನೋಡಿದ. ಅದು ದಮ್ಮಾಮಿನ ಅದೇ ಫೋಟೋ, ಕತ್ತರಿಸದ್ದು. ಬೂಟುಗಳಿದ್ದವು. ಡಬ್ಬವಿತ್ತು.

"ನಿಮ್ಮ ಕೈ ನೋಯುವುದನ್ನು ಇವತ್ತೇ ನೋಡಿದ್ದು ನಾನು," ಎಂದಳು ರೋಸಲಿನ್.

ಪಾಸ್ಕಲ್ ಫೋಟೋ ಕೆಳಗಿಟ್ಟ. ಎಲ್ಲ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿಲ್ಲದೆ ಎಂತ, ಫೋಟೋ ಉಡುಪಿಗೆ ತೆಗೆದುಕೊಂಡು ಹೋದದ್ದು ತಾನೇ ಅಲ್ವಾ ಎಂದಳು. ಅವನ ಪಕ್ಕ ಕೂತು, ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತತೊಡಗಿದಳು.

"ಡಬ್ಬ ಕತ್ತರಿಸಿ ಅಂತ ಸ್ಟುಡಿಯೋದವನಿಗೆ ಹೇಳಿದ್ದು ನಾನು. ಏಳು ವರ್ಷ ಎಲ್ಲರೂ ಕೇಳಿದರು, ಪಾಸ್ಕಲನಿಗೆ ಅಲ್ಲಿ ಎಂತ ಕೆಲಸ ಅಂತ. ನನ್ನ ಅಕ್ಕ ಕೂಡ. ಒಮ್ಮೆ ಆ ಫೋಟೋ ನೋಡಿ ಬಾಯಿ ಮುಚ್ಚಲಿ ಅಂತ ಆಯ್ತು ನನಗೆ. ನೀವು ಬರ್ತಾ ಬಾಯಿಗೆ ಹಾಗೆ ಹೇಳ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ಹಾಗಾದರೆ ಹರಕೆ ಯಾವುದಕ್ಕೆ ಎಂದು ಪಾಸ್ಕಲ್ ಕೇಳಿದ. ಕೈಗೆ ಅಲ್ಲ, ತನ್ನ ತಪ್ಪು ಗಂಡನ ತಲೆಯ ಮೇಲೆ ಬೀಳದ ಹಾಗೆ ನೋಡಿಕೋ ಎಂದು ಹರಕೆ ಹೊತ್ತದ್ದು ಎಂದಳು. ತಲೆಯ ಮೇಲೆ ಬೀಳಲಿಲ್ಲ, ಹೆಗಲ ಮೇಲೆ ಬಿತ್ತು, ಮೋಂಬತ್ತಿ ಕೊಡಲೇಬೇಕು ಎಂದ ಪಾಸ್ಕಲ್. ಅವಳಿಗೆ ನಗು ಬಂತು. ಅವನಿಗೂ ಬಂತು, ನಕ್ಕರೆ ಹೆಗಲು ಕಿತ್ತುಬಂದ ಹಾಗಾಗಿ ಅರ್ಧಕ್ಕೆ ನಿಲ್ಲಿಸಿದ.

ಅವಳು ಮಂಜುಗಡ್ಡೆಯ ಗಂಟನ್ನು ಹೆಗಲಿಗಿಟ್ಟು ಒತ್ತಿದಳು. ಪಾಸ್ಕಲ್ ಅವಳ ಕೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಅಲ್ಲಿ ಅಲ್ಲ, ಇಲ್ಲಿ. ಬಟ್ಟೆ ಇನ್ನೊಂದು ಸುತ್ತು ಬೇಕು, ಇಲ್ಲದಿದ್ದರೆ ಚರ್ಮ ಸುಡ್ತದೆ. ಹತ್ತು ನಿಮಿಷ ಇಡುವುದು, ಹತ್ತು ನಿಮಿಷ ತೆಗೆಯುವುದು ಎಂದು ವಿವರಿಸಿದ. ರೋಸಲಿನ್ ಅವನು ಹೇಳಿದ ಹಾಗೆಯೇ ಮಾಡಿದಳು.

"ಎಷ್ಟು ಚೆನ್ನಾಗಿ ಗೊತ್ತುಂಟು ನಿಮಗೆ," ಎಂದಳು.

ಬೇಲಿಯಾಚೆ ಬರ್ತಾ ಬಾಯಿ ಬಟ್ಟೆ ಒಣಹಾಕುತ್ತಿದ್ದರು. ಪಾಸ್ಕಲ್ ಅತ್ತ ನೋಡಿದ, ಆದರೂ ದನಿ ತಗ್ಗಿಸಲಿಲ್ಲ.

"ಏಳು ವರ್ಷ ನನ್ನ ಕೆಲಸ ಇದೇ ಅಲ್ವಾ," ಎಂದ.